ಚಿತ್ರದಲ್ಲಿ ಎಲ್ಲ ಸರಿಯಿತ್ತು

ಕಾಲಿ ಎಂಬ ನಗರಕ್ಕೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೂಳೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನೊರಾಲ್ಬಾ ವಿಯಾಫರಾ ಯಂತ್ರ ಚಾಲೂ ಮಾಡಿ, ತಣ್ಣನೆಯ ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದಾರೆ. "ಬೆಳಬೆಳಗ್ಗೆ ಸೊಂಟಕ್ಕೆ ಈ ಮೇಜು ತಾಕಿದ್ರೆ ಸತ್ತೋರೂ ಎದ್ದು ಕೂರ್ತಾರೆ" ಎಂದು ನಗುತ್ತಾರೆ.

ಐವತ್ತು ದಾಟಿದ ನೊರಾಲ್ಬಾ ಈ ಆಸ್ಪತ್ರೆಗೆ ಬಂದದ್ದು ನೆಲ ಒರೆಸಲು. ಗಂಡ ತೀರಿಕೊಂಡ ಮೇಲೆ ಸಂಜೆ ತರಗತಿಗೆ ಹೋಗಿ ಎಕ್ಸ್‌ರೇ ಕಲಿತರು. ಇದು ಕುಣಿಯುವವರ ಊರು, ಸೊಂಟ ಹಿಡಿದುಕೊಂಡು ಬರುವವರೇ ಹೆಚ್ಚು. ಸೊಂಟದ ಕೀಲಿನೊಳಕ್ಕೆ ತೆಳು ಕೊಳವೆಯಂಥ ದುರ್ಬೀನು ತೂರಿಸಿ, ಕೀಲಿಗೆ ಉಜ್ಜಿ ನೋವು ಕೊಡುವ ಮೂಳೆಯ ಉಬ್ಬನ್ನು ವೈದ್ಯರು ಕೆರೆದು ತೆಗೆಯುತ್ತಾರೆ. ಅದಕ್ಕೆ ಮುಂಚೆ ಮತ್ತು ಆಮೇಲೆ ಚಿತ್ರ ತೆಗೆದು, ತೆರೆಯ ಮೇಲೆ ಗೆರೆ ಎಳೆದು, ತೊಡೆಮೂಳೆಯ ತಲೆ ಎಷ್ಟು ದುಂಡಗಿದೆ ಎಂದು ಅಳೆಯುವವರು ನೊರಾಲ್ಬಾ. ವೈದ್ಯರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಇವರ ಹೆಸರು ಕೇಳಿದವರೇ ಇಲ್ಲ.

ಕಳೆದ ವರ್ಷದ ಒಂದು ಬೆಳಗನ್ನು ಅವರು ಇನ್ನೂ ಮರೆತಿಲ್ಲ.

ಆವತ್ತು ಇಬ್ಬರು, ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿದ ತಪಾಸಣೆಗೆ ಬರುವವರಿದ್ದರು. ಒಬ್ಬಳು ಸಾಲ್ಸಾ ಕುಣಿತ ಕಲಿಸುವ ಯುವತಿ ಯಾಮಿಲೆ, ಇನ್ನೊಬ್ಬ ಮಾರುಕಟ್ಟೆಯಲ್ಲಿ ಬಾಳೆಗೊನೆ ಹೊರುವ ಎವೆಲಿಯೊ. ಶಸ್ತ್ರಚಿಕಿತ್ಸೆ ಮುಗಿದಾಗ ತೆಗೆದ ಚಿತ್ರದಲ್ಲಿ ಯಾಮಿಲೆಯ ಮೂಳೆ ಕಡೆದಿಟ್ಟಂತೆ ದುಂಡಗಿತ್ತು. ಎವೆಲಿಯೊನ ಉಬ್ಬು ಅರ್ಧಕ್ಕರ್ಧ ಉಳಿದೇ ಇತ್ತು. ಯಾಮಿಲೆ ಕುಣಿಯುತ್ತಾ ಬರುತ್ತಾಳೆಂದು ಬಾಗಿಲು ತೆರೆದರೆ, ಅವಳು ಗೋಡೆ ಹಿಡಿದು ನಿಂತಿದ್ದಳು. ಮೇಜು ಹತ್ತಲೂ ಆಗಲಿಲ್ಲ. ಅವಳ ಹಿಂದೆಯೇ ಎವೆಲಿಯೊ ಮೆಟ್ಟಿಲು ಹಾರಿಕೊಂಡು ಬಂದ.

"ಏನಕ್ಕಾ, ಭೂತ ಕಂಡೋರ ಥರ ನಿಂತ್ಬಿಟ್ರಿ? ನಾನ್ ಇನ್ನೂ ಬದುಕಿದೀನಿ!"

ನೊರಾಲ್ಬಾ ಹಳೆಯ ಚಿತ್ರಗಳ ಮೇಲಿನ ಹೆಸರನ್ನು ಮತ್ತೆ ಓದಿದರು. "ಚಿತ್ರ ಅದಲುಬದಲಾಗಿದೆ, ನಾನೇ ಹೆಸರು ತಪ್ಪು ಹಾಕಿದೀನಿ ಅನ್ನಿಸ್ತು" ಎನ್ನುತ್ತಾರೆ.

ಯಾಮಿಲೆಯನ್ನು ಹಿಡಿದು ಮೇಜಿಗೆ ಹತ್ತಿಸಿ, ಇಬ್ಬರ ಚಿತ್ರವನ್ನೂ ಮತ್ತೆ ತೆಗೆದರು. ತೆರೆಯ ಮೇಲೆ ಅದು ಮೂಡುವಾಗ, ತಪ್ಪು ತಮ್ಮದೇ ಆಗಿರಲಿ ಎಂದು ಬೇಡಿಕೊಂಡರು. ಹಾಗಾದರೆ ಉಳಿದ ಉಬ್ಬು ಯಾಮಿಲೆಯದೇ, ಅದನ್ನು ತೆಗೆದು ಅವಳ ನೋವು ಕಳೆಯಬಹುದಲ್ಲ! ಆದರೆ ಏನೂ ತಪ್ಪಾಗಿರಲಿಲ್ಲ. ಗೋಡೆ ಹಿಡಿದವಳ ಮೂಳೆ ದುಂಡಗೇ ಇತ್ತು. ಹಾರಿ ಬಂದವನಲ್ಲಿ ಅದೇ ಉಬ್ಬು.

ಯಾಮಿಲೆ ಕೇಳಿಕೊಂಡಳು: "ಸರಿಯಿದೆ ಅಂತ ಮಾತ್ರ ಹೇಳ್ಬೇಡಿ ಅಕ್ಕಾ. ಮನೇಲಿ ನೋವೆಲ್ಲ ನಾಟಕ ಅಂತಾರೆ."

"ಚಿತ್ರ ಸರಿಯಿದೆ ಕಣಮ್ಮಾ. ನಿನ್ ನೋವೂ ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ನಲ್ಲ. ಬಾ."

ಕೈ ಹಿಡಿದು ಶಸ್ತ್ರವೈದ್ಯ ಸಾರ್ರಿಯಾ ಬಳಿ ಕರೆದೊಯ್ದರು. ಅವರೂ ಬಹಳ ಹೊತ್ತು ಚಿತ್ರವನ್ನೂ ಅವಳನ್ನೂ ನೋಡಿದರು. "ಉಬ್ಬಿದ್ದೂ ನೋವಿಲ್ಲದೆ ಓಡಾಡೋರು ಎಷ್ಟೋ ಜನ ಇದಾರೆ. ಇವಳ ನೋವು ಮೂಳೇಲಿಲ್ಲ, ಬೇರೆಲ್ಲೋ ಇದೆ. ಹುಡುಕೋಣ" ಎಂದರು. ಇನ್ನೊಂದು ಸ್ಕ್ಯಾನ್‌ನಲ್ಲಿ ಅದು ಸಿಕ್ಕಿತು. ಗಾಯ ಮಾಯುವಾಗ ಕೀಲಿನ ಪೊರೆ ಒಳಗೇ ಅಂಟಿಕೊಂಡಿತ್ತು. ಎಕ್ಸ್‌ರೇಗೆ ಅದು ಕಾಣುವಂಥದ್ದಲ್ಲ. ತಿಂಗಳುಗಟ್ಟಲೆ ವ್ಯಾಯಾಮದ ಮೇಲೆ ಯಾಮಿಲೆ ಗೋಡೆ ಬಿಟ್ಟು ನಡೆದಳು. ಹಳೆಯ ವೇಗ ಮಾತ್ರ ಮರಳಿಲ್ಲ.

ಈಗ ನೊರಾಲ್ಬಾ ಯಂತ್ರ ಮುಟ್ಟುವ ಮುಂಚೆ ಕೇಳುತ್ತಾರೆ: "ಮೆಟ್ಟಿಲು ಹತ್ತೋಕಾಗುತ್ತಾ? ಬಗ್ಗಿ ಚಪ್ಪಲಿ ಹಾಕ್ಕೊಳ್ತೀರಾ?" ಉತ್ತರವನ್ನು ಅಳತೆಯ ಜೊತೆಗೇ ವೈದ್ಯರಿಗೆ ಮುಟ್ಟಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ನಾಚುತ್ತಾರೆ. "ದಿನವಿಡೀ ಜನರಿಗೆ ಅಲುಗಾಡ್ಬೇಡಿ ಅನ್ನೋದೇ ನನ್ ಕೆಲಸ. ಡಿಸೆಂಬರ್‌ನ ಸಾಲ್ಸಾ ಮೆರವಣಿಗೇಲಿ ಯಾಮಿಲೆ ತಾನು ಕುಣಿತ ಕಲಿಸೋ ಮಕ್ಕಳ ಜೊತೆ ನಿಧಾನಕ್ಕೆ ಹೆಜ್ಜೆ ಹಾಕ್ತಾಳಂತೆ. ರಜೆ ಕೇಳಿದೀನಿ. ರಸ್ತೆ ಬದೀಲಿ ನಿಂತು ನೋಡ್ಬೇಕು."