ಎದುರು ಮನೆಯಾಕೆಯ ಭಾರ

ಕೊಂಢವಾದಲ್ಲಿ ನಮ್ಮ ಎದುರು ಮನೆಯಾಕೆ ಒಳ್ಳೆ ದಪ್ಪಗಿದ್ದಳು. ನಮ್ಮಲ್ಲಿಗೆ ಬಂದರೆ ಕುರ್ಚಿಯನ್ನು ಅಲ್ಲಾಡಿಸಿ ನೋಡಿಯೇ ಕುಳಿತುಕೊಳ್ಳುತ್ತಿದ್ದಳು. "ಮೆಲ್ಲಕ ಕೂಡ್ತೀನ್ರಿ ಅಕ್ಕಾ, ನಾ ಭಾರ ಅದೀನಿ."

ಮದುವೆಯಾದ ಹೊಸದರಲ್ಲಿ ಜೇಜುರಿಯ ಗುಡ್ಡದ ದೇವಸ್ಥಾನಕ್ಕೆ ಹೋದಾಗ, ಪದ್ಧತಿಯಂತೆ ಗಂಡ ಅವಳನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತಬೇಕಿತ್ತು. ಎರಡನೆಯದಕ್ಕೇ ಇಳಿಸಿಬಿಟ್ಟನಂತೆ. ಮುದುಕನಾದರೂ ಅವನಿಗೆ ಆ ಅಣಕ ತಪ್ಪಲಿಲ್ಲ.

ಹೋದ ವರ್ಷ ಅವರಿಬ್ಬರ ಜೊತೆ ನಾನೂ ಹಡಗಿನ ಪ್ರವಾಸಕ್ಕೆ ಹೋದೆ. ಅಷ್ಟರಲ್ಲಿ ಆಕೆಗೆ ಊಟ ಸೇರುತ್ತಿರಲಿಲ್ಲ. ಸೊರಗಿದ ಮೈಯನ್ನು ಗಂಜಿ ಹಾಕಿದ ಸೀರೆಯಲ್ಲಿ ಮುಚ್ಚಿಕೊಂಡಿದ್ದಳು. ಹಡಗು ದೀವ್‌ನಲ್ಲಿ ನಿಂತಾಗ ಹಳೆಯ ಚರ್ಚುಗಳನ್ನು ನೋಡಿದೆವು. ಅಲ್ಲಿಯ ಬೆಂಚನ್ನೂ ಅಲ್ಲಾಡಿಸಿ ನೋಡಿಯೇ ಕುಳಿತಳು. ಆಮೇಲೆ ಕೋಟೆಗೆ ಹೋದರೆ, ಮೆಟ್ಟಿಲ ಬುಡದಲ್ಲೇ ಕುಸಿದು ಕುಳಿತುಬಿಟ್ಟಳು.

ಗಂಡ ನಗುತ್ತ ಬಗ್ಗಿದ. "ಬಾ, ಜೇಜುರಿದು ಇಲ್ಲಿ ಮುಗಸ್ತೀನಿ."

"ನಡಾ ಮುರಕೋತೀರಿ. ಮೆಲ್ಲಕ, ನಾ ಭಾರ ಅದೀನಿ."

ಅವನು ಎತ್ತಿಕೊಂಡು ಐದು ಮೆಟ್ಟಿಲನ್ನೂ ಸರಸರ ಹತ್ತಿದ. ಕೆಳಗಿನ ಮಂದಿ ಚಪ್ಪಾಳೆ ತಟ್ಟಿದರು. ಅವನ ನಗು ಮಾತ್ರ ನಿಂತುಹೋಗಿತ್ತು. ಇಳಿಸದೆ ಅವಳ ಮುಖವನ್ನೇ ನೋಡಿದ.

"ಯಾವಾಗಿಂದ ಹಿಂಗದಿ?"

"ಮೊದಲ ಇಳಸ್ರಿ. ಮಂದಿ ನೋಡ್ತಾರ."

ದೀಪಾವಳಿಯ ಹೊತ್ತಿಗೆ ಆಕೆ ಹೋದಳು. ಚಟ್ಟಕ್ಕೆ ನಾಲ್ಕು ಮಂದಿ ಬಗ್ಗಿದಾಗ ಅವನು ಅಡ್ಡ ಬಂದು ನಿಂತ.

"ಮೆಲ್ಲಕ ಎತ್ರಪಾ," ಎಂದ. "ಭಾರ ಅದಾಳ."