ಹಿಮವನ್ನು ಕರೆದ ಹಿಲಾರಿಯಾ

ನಮ್ಮತ್ತೆ ಹಿಲಾರಿಯಾಳ ನಾಲಿಗೆ ಲೂಕಿ ಗಡ್ಡೆಯಷ್ಟೇ ಕಹಿ ಎಂದು ಊರು ಆಡಿಕೊಳ್ಳುತ್ತಿತ್ತು. ಸುಳ್ಳಲ್ಲ. ಲೂಕಿ ಆಲೂಗಡ್ಡೆಯನ್ನು ಬರೀ ಬೇಯಿಸಿದರೆ ಬಾಯಿಗಿಡಲಾಗದು. ನಮ್ಮ ಬೆಟ್ಟದೂರಿನಲ್ಲಿ ಚಳಿಗಾಲವಾದ ಜೂನ್ ತಿಂಗಳ ರಾತ್ರಿಹಿಮಕ್ಕೆ ಹರವಿ, ಬಿಸಿಲಿಗೆ ಮೆತ್ತಗಾದ ಮೇಲೆ ಬರಿಗಾಲಲ್ಲಿ ತುಳಿದು, ಕಹಿನೀರು ತೆಗೆದು ಒಣಗಿಸಿದರೆ ಚುನ್ಯೊ ಆಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಅತ್ತೆಯನ್ನು ತುಳಿಯುವ ಧೈರ್ಯ ಯಾರಿಗಿತ್ತು?

ಕಹಿಗೆ ಕಾರಣ ನಮ್ಮಪ್ಪ ಕಸಿಮಿರೊ, ಅವಳ ಒಬ್ಬನೇ ತಮ್ಮ. ಹನ್ನೊಂದು ವರ್ಷದ ಹಿಂದೆ, ಫೆಬ್ರುವರಿಯಲ್ಲಿ, ಹಿಮ ತಡೆಯಲು ಹೊಲದ ಬದುವಿನಲ್ಲಿ ಹೊಗೆ ಹಾಕುವ ಸರದಿ ಅವನದಾಗಿತ್ತು. ಕಾರ್ನಿವಲ್ ಹಬ್ಬದಲ್ಲಿ ಕುಡಿದು ಮಲಗಿಬಿಟ್ಟ. ಬೆಳಗಾಗುವಷ್ಟರಲ್ಲಿ ಅತ್ತೆಯ ಹೂಬಿಟ್ಟ ಗಿಡಗಳೆಲ್ಲ ಹಿಮ ಹೊಡೆದು ಸುಟ್ಟು ಕಪ್ಪಾಗಿದ್ದವು. ಅಂದಿನಿಂದ ಅವಳು ತಮ್ಮನ ಮುಖ ನೋಡಲಿಲ್ಲ. ಹಿಮವನ್ನು ‘ಕಳ್ಳ’ ಎನ್ನದೆ ಕರೆಯಲಿಲ್ಲ. ಅಪ್ಪ ವರ್ಷವರ್ಷವೂ ಅವಳ ಬಾಗಿಲಿಗೆ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಜೂನ್‌ನಲ್ಲಿ ಮೋಡ ಸರಿಯಲೇ ಇಲ್ಲ; ಮೋಡ ಕವಿದ ರಾತ್ರಿ ಹಿಮ ಬೀಳದು. ಅತ್ತೆ ಲೂಕಿಯನ್ನೆಲ್ಲ ಹುಲ್ಲಿನ ಮೇಲೆ ಹರವಿ ಎಂಟು ದಿನವಾಗಿತ್ತು. ಹಿಮ ಬೀಳದಿದ್ದರೆ ಕೊಳೆಯುವುದೇ ಗತಿ, ವರ್ಷದ ಊಟ ಮಣ್ಣುಪಾಲು. ಸಂಜೆ ನಾನು ಕುರಿ ಹೊಡೆದುಕೊಂಡು ಬರುವಾಗ ಅವಳು ಗಡ್ಡೆಗಳ ನಡುವೆ ಮಂಡಿಯೂರಿದ್ದಳು. ಕೈಯಲ್ಲಿ ಕಾಣಿಕೆಗೆಂದು ಮೂರು ಕೋಕಾ ಎಲೆ.

“ಬಾಪ್ಪಾ ಹಿಮರಾಯ, ಬಾ. ಬೈದಿದ್ದೆಲ್ಲ ಹೊಟ್ಟೆಗೆ ಹಾಕ್ಕೋ.”

“ಏನತ್ತೆ, ಕಳ್ಳನಿಗೆ ಭಾರಿ ಮರ್ಯಾದೆ!”

“ಬಾಯ್ಮುಚ್ಚೇ! ಫೆಬ್ರುವರೀಲಿ ಸುಟ್ಟಿದ್ದೂ ಇದೇ, ಜೂನಲ್ಲಿ ಅನ್ನ ಹಾಕೋದೂ ಇದೇ. ಅದ್ರದ್ದೇನು ತಪ್ಪು?”

ತನ್ನ ಮಾತು ತನಗೇ ಕೇಳಿಸಿದಂತೆ ನಮ್ಮ ಮನೆಯ ಕಡೆ ಒಮ್ಮೆ ನೋಡಿದಳು. ನಾನು ಕುರಿ ಹೊಡೆದುಕೊಂಡು ನಡೆದೆ.

ಎರಡು ದಿನಕ್ಕೆ ಆಕಾಶ ತಿಳಿಯಾಯಿತು. ಮೂರು ರಾತ್ರಿ ಬಿಡದೆ ಹಿಮ ಬಿತ್ತು. ನಾಲ್ಕನೆಯ ಬೆಳಿಗ್ಗೆ ಅತ್ತೆ ನಮ್ಮ ಅಂಗಳದ ಗೋಡೆಯಾಚೆ ನಿಂತಿದ್ದಳು.

“ಏ ಹುಡ್ಗಿ, ನಿಮ್ಮಪ್ಪ ಎದ್ದಿದಾನಾ?”

“ಎದ್ದಿದಾನೆ. ಯಾಕೆ?”

“ಹಿಮಾನೇ ಬಾಪ್ಪಾ ಅಂತ ಕರ್ದಾಯ್ತು. ಇವನೇನು ಅದಕ್ಕಿಂತ ದೊಡ್ಡ ಕಳ್ಳನಾ? ಕಾಲು ತೊಳ್ಕೊಂಡು ಗಡ್ಡೆ ತುಳಿಯಕ್ಕೆ ಬಾ ಅನ್ನು.”

ಅಪ್ಪ ಒಳಗಿನಿಂದ ಓಡಿಬಂದ. ಬಾಯಿಂದ “ಅಕ್ಕಾ” ಎಂದಷ್ಟೇ ಹೊರಟಿತು.

“ಈ ಸಲ ನಿದ್ದೆ ಮಾಡ್ಲಿಲ್ವೇನೋ?”

“ಹನ್ನೊಂದು ವರ್ಷದಿಂದ ಸರಿಯಾಗಿ ನಿದ್ದೆ ಎಲ್ಲಿ ಬಂತಕ್ಕಾ?”

ಮಧ್ಯಾಹ್ನ ಇಬ್ಬರೂ ಬರಿಗಾಲಲ್ಲಿ ತುಳಿದರು. ಅತ್ತೆ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ನೋಡುತ್ತಿರುವುದು ಕಂಡು, “ಗಡ್ಡೆ ಜಾರುತ್ತೆ ಕಣೇ, ಹಿಡ್ಕೊಳ್ದಿದ್ರೆ ಆಗಲ್ಲ” ಎಂದಳು.

ಹನ್ನೊಂದು ವರ್ಷ ಯಾರನ್ನೂ ಹಿಡಿದುಕೊಳ್ಳದೆ ಒಬ್ಬಳೇ ತುಳಿದವಳು ಅವಳು.