ಚಂದ್ರಿಕೆಗೆ ಸುತ್ತಿದ ಸಿನಿಮಾ

ಸಿನಿಮಾ ಮುಗಿದ ಮೇಲೆ ಪರದೆಯ ಮೇಲೇರುವ ಹೆಸರುಗಳನ್ನು ಕೊನೆಯದರ ತನಕ ಓದಿಯೇ ಏಳುವುದು ನನ್ನ ಶಿಸ್ತು. ಕೋಲಾರದ ಥಿಯೇಟರಿನಲ್ಲಿ ಕಸ ಗುಡಿಸುವವರು ನನ್ನ ಕಾಲೆತ್ತಿಸಿ ಗುಡಿಸಿದ್ದುಂಟು. ಹೆಂಡತಿ ಹೊರಗೆ ಆಟೋದಲ್ಲಿ ಕೂತು ನನ್ನ ಶಿಸ್ತಿಗೆ ಬೇರೆ ಹೆಸರಿಟ್ಟದ್ದೂ ಉಂಟು. ಹೀಗಿರುವ ನನಗೆ, ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲೇ ಬೈರಕೂರಿನ ಕಡೆಯವರೊಬ್ಬರು ಸ್ವಂತ ಕ್ಯಾಮೆರಾ ತಂದು ಚಿತ್ರ ತೆಗೆದಿದ್ದರೆಂದು ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವೇ? ಬೆಳಗಿನ ಮೊದಲ ಬಸ್ಸು ಹಿಡಿದೆ.

ಮುನಿವೆಂಕಟಪ್ಪನೆಂಬ ಆ ಸಾಹಸಿಯ ಮೊಮ್ಮಗಳು ವೆಂಕಟಲಕ್ಷ್ಮಮ್ಮ, ತೊಂಬತ್ತರ ಹೊಸ್ತಿಲಲ್ಲಿರುವವರು, ಜಗುಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದರು. "ನಮ್ಮ ತಾತನ ಸಿನಿಮಾ ಹುಚ್ಚಿಗೆ ಮನೆ ಹುಳವೆಲ್ಲಾ ಸತ್ತೋದ್ವಂತೆ ಸಾರ್" ಎಂದೇ ಶುರು ಮಾಡಿದರು.

ಆದದ್ದಿಷ್ಟು. ತೊಳೆದ ಫಿಲ್ಮನ್ನು ಒಣಗಿಸಲು ಮುನಿವೆಂಕಟಪ್ಪನ ಬಳಿ ಸಲಕರಣೆಯಿರಲಿಲ್ಲ. ಮನೆಯಲ್ಲಿದ್ದದ್ದು ಚಂದ್ರಿಕೆ, ಅಂದರೆ ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಕೂರಿಸಿದ ತಟ್ಟಿ. ಆ ಸುರುಳಿಯ ಜಾಡಿನಲ್ಲೇ ಫಿಲ್ಮನ್ನೂ ಸುತ್ತಿ ಒಣಗಿಸಿದ. ಸಿನಿಮಾವೇನೋ ಆಯಿತು, ಅದೇ ಚಂದ್ರಿಕೆಗೆ ಹೆಂಡತಿ ಹುಳು ಬಿಟ್ಟಾಗ ರಸಾಯನದ ಘಾಟಿಗೆ ಒಂದೂ ಗೂಡು ಕಟ್ಟದೆ ಎಲ್ಲವೂ ಸತ್ತವು. ಆಕೆ ಕ್ಯಾಮೆರಾ ಮಾರಿಸಿ, ಚಂದ್ರಿಕೆಗಳನ್ನು ಅಟ್ಟಕ್ಕೆಸೆದಳು. ಮುಳಬಾಗಿಲಿನ ಡೇರೆಯಲ್ಲಿ ಕೆಲವು ದಿನ ಓಡಿದ ಚಿತ್ರ ಆಮೇಲೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು.

ನಾಯಕಿ ಯಾರೆಂದು ಕೇಳಿದೆ.

"ಊರ ಹೆಂಗಸರು ಒಬ್ರೂ ಒಪ್ಲಿಲ್ಲ. ಮಗಳನ್ನೇ ನಿಲ್ಸಿದ, ನಮ್ಮಮ್ಮನ್ನ." ಬೀಜ ಬಿಡಿಸುವ ಕೈ ನಿಂತಿತು. "ನನ್ನ ಹೆತ್ತೋಳು ಬಾಣಂತನದಲ್ಲೇ ಹೋದ್ಳು. ಒಂದು ಫೋಟೋನೂ ಇಲ್ಲ. ನಾನು ಆಯಮ್ಮನ ಮೊಕ ನೋಡಿಲ್ಲ ಸಾರ್."

ಅಟ್ಟ ಹತ್ತುವುದು ನನ್ನ ದಿನಚರಿಯಲ್ಲಿಲ್ಲ, ಹತ್ತಿದೆ. ಅವರ ಸೊಸೆ ಮಂಜುಳಾ ಏಣಿ ಹಿಡಿದು, "ಬಿದ್ರೆ ನಂಗಲಿ ಕಡೆ ಲಾರೀಲೇ ಆಸ್ಪತ್ರೆಗೆ ಹಾಕ್ಕೊಂಡು ಹೋಗ್ಬೇಕಾಗ್ತದೆ ಸಾರ್, ನಿಧಾನ" ಎಂದು ಧೈರ್ಯ ತುಂಬಿದಳು. ಮಸಿ ಹಿಡಿದ ಚಂದ್ರಿಕೆಯೊಂದರ ಒಳಸುತ್ತಿನಲ್ಲಿ ಗೇಣುದ್ದದ ಫಿಲ್ಮು ಬಿದಿರಿಗೆ ಕಚ್ಚಿಕೊಂಡಿತ್ತು.

ಬಿಸಿಲಿಗೆ ಹಿಡಿದರೆ ಕರಿ ಮುಖ, ಬಿಳಿ ಕೂದಲು. ವೆಂಕಟಲಕ್ಷ್ಮಮ್ಮ ಮುಖ ತಿರುಗಿಸಿದರು. "ಇದ್ಯಾವ್ದೋ ಮುದುಕಿ. ನಮ್ಮಮ್ಮ ಅಲ್ಲ."

ನೆಗೆಟಿವ್ ಎಂದರೇನೆಂದು ನಾನು ಪಾಠ ಆರಂಭಿಸುವಷ್ಟರಲ್ಲಿ ಮಂಜುಳಾ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು, ಕಪ್ಪನ್ನು ಬಿಳುಪಿಗೆ ತಿರುಗಿಸಿ ಅತ್ತೆಯ ಕೈಗಿಟ್ಟಳು. ಎರಡು ಜಡೆ, ನಗು ತಡೆದು ಬಿಗಿಹಿಡಿದ ತುಟಿ, ಹೆಚ್ಚೆಂದರೆ ಹದಿನಾರರ ಹುಡುಗಿ.

ವೆಂಕಟಲಕ್ಷ್ಮಮ್ಮ ಸೆರಗಿನಿಂದ ಮೊಬೈಲಿನ ಗಾಜು ಒರೆಸಿ ಮತ್ತೆ ನೋಡಿದರು. ಅಮ್ಮಾ ಎಂದು ಕರೆದೇ ಅಭ್ಯಾಸವಿರದ ಆ ಬಾಯಿ, ಮೊಮ್ಮಗಳನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಕೇಳಿತು:

"ಏನೇ, ಇಷ್ಟು ಚಿಕ್ಕೋಳಾ ನೀನು?"